ಸೋಲಾರ್ ಇರುವ ಮನೆಗೆ ಯಾವ ರೇಟ್ ಪ್ಲಾನ್? ಬೇ ಏರಿಯಾ ಕನ್ನಡಿಗರಿಗೆ ಹಂತಹಂತದ ಲೆಕ್ಕ

ಬೇ ಏರಿಯಾದ ಕನ್ನಡಿಗರ ವಾಟ್ಸ್ಯಾಪ್ ಗುಂಪುಗಳಲ್ಲಿ ಪದೇ ಪದೇ ಬರುವ ಪ್ರಶ್ನೆ ಒಂದಿದೆ. "ನಮ್ಮನೇಲಿ ಸೋಲಾರ್ ಇದೆ, ಕಾರೂ ಎಲೆಕ್ಟ್ರಿಕ್. ಪಿಜಿ&ಇ ಯಾವ ಪ್ಲಾನ್ ತಗೊಳ್ಳೋದು?" ಪಿಜಿ&ಇ ಅಂದರೆ ಈ ಕಡೆಯ ಕರೆಂಟ್ ಕಂಪನಿ. ಪ್ರಶ್ನೆ ಬಂದ ಕೂಡಲೇ ನಾಲ್ಕು ಉತ್ತರ ಬರುತ್ತವೆ. ಒಬ್ಬರು ಇವಿ2-ಎ ಅನ್ನುವ ಪ್ಲಾನ್ ಅಂತಾರೆ, ಇನ್ನೊಬ್ಬರು ಅದು ಬೇಡವೇ ಬೇಡ ಅಂತಾರೆ. ಇಬ್ಬರೂ ತಮ್ಮ ಮನೆಯ ಮಟ್ಟಿಗೆ ಸರಿಯೇ ಇರಬಹುದು. ಆದರೆ ಅವರ ಮನೆಯ ಉತ್ತರ ನಿಮ್ಮ ಮನೆಗೆ ಹೊಂದಬೇಕು ಅಂತೇನಿಲ್ಲ.

ಯಾಕೆ ಅಂದರೆ, ಸೋಲಾರ್ ಇಲ್ಲದ ಮನೆಗೆ ಕರೆಂಟ್ ಒಂದೇ ದಿಕ್ಕಿನಲ್ಲಿ ಬರುತ್ತದೆ. ಯಾವಾಗ ಅಗ್ಗವೋ ಆಗ ಬಳಸಿದರೆ ಆಯಿತು. ಸೋಲಾರ್ ಇರುವ ಮನೆಯಲ್ಲಿ ಕರೆಂಟ್ ಎರಡೂ ಕಡೆ ಓಡಾಡುತ್ತದೆ. ರಾತ್ರಿ ನೀವು ಕೊಳ್ಳುವ ಯೂನಿಟ್ ಅಗ್ಗವಾಯಿತು ಅಂತ ಖುಷಿಪಡುವಾಗಲೇ, ಮಧ್ಯಾಹ್ನ ನೀವು ಗ್ರಿಡ್‌ಗೆ ಕೊಡುವ ಯೂನಿಟ್ ಕೂಡ ಅಗ್ಗವಾಗಿರುತ್ತದೆ. ಹೆಚ್ಚಿನವರು ಮರೆಯುವುದು ಇದನ್ನೇ. ಪ್ಲಾನ್ ಆರಿಸುವುದು ಅಂದರೆ ಪ್ರತಿ ಸಮಯದ ತುಂಡಿನಲ್ಲೂ ತಗೊಂಡಿದ್ದೆಷ್ಟು, ಕೊಟ್ಟಿದ್ದೆಷ್ಟು ಅಂತ ನೋಡುವುದು. ಈ ಲೇಖನ ಆ ಲೆಕ್ಕದ ಬಗ್ಗೆ. ಇಲ್ಲಿ ಹೇಳಿರುವ ಪ್ಲಾನ್‌ಗಳು ಪಿಜಿ&ಇ ಗ್ರಾಹಕರಿಗೆ, ಅಂದರೆ ಸ್ಯಾನ್ ಹೊಸೆ, ಫ್ರೀಮಾಂಟ್, ಡಬ್ಲಿನ್, ಪ್ಲೆಸೆಂಟನ್, ಸ್ಯಾನ್ ರಮೋನ್ ಕಡೆಯವರಿಗೆ. ಲಾಸ್ ಏಂಜಲೀಸ್ ಸುತ್ತಲಿನ ಎಸ್‌ಸಿಇ, ಸ್ಯಾನ್ ಡಿಯಾಗೋದ ಎಸ್‌ಡಿಜಿ&ಇ ಗ್ರಾಹಕರಿಗೆ ಪ್ಲಾನ್ ಹೆಸರುಗಳು ಬೇರೆ, ಲೆಕ್ಕದ ದಾರಿ ಒಂದೇ.

ಹಂತ 1: ನೀವು ಯಾವ ಒಪ್ಪಂದದಲ್ಲಿದ್ದೀರಿ, ಮೊದಲು ಅದು

ಪ್ಲಾನ್ ಹೆಸರುಗಳಿಗೆ ಹೋಗುವ ಮುಂಚೆ ಇದೊಂದು ಗೊತ್ತಿರಬೇಕು. ಕ್ಯಾಲಿಫೋರ್ನಿಯಾದಲ್ಲಿ ಸೋಲಾರ್ ಮನೆಗಳು ಮುಖ್ಯವಾಗಿ ಎರಡು ಗುಂಪು.

2023ರ ಏಪ್ರಿಲ್ 14ರೊಳಗೆ ಅರ್ಜಿ ಹಾಕಿದವರಲ್ಲಿ ಹೆಚ್ಚಿನವರು ಎನ್‌ಇಎಂ 2 (ನೆಟ್ ಎನರ್ಜಿ ಮೀಟರಿಂಗ್) ಒಪ್ಪಂದದಲ್ಲಿದ್ದಾರೆ. ಇವರಿಗೆ ಗ್ರಿಡ್‌ಗೆ ಕೊಟ್ಟ ಯೂನಿಟ್‌ಗೆ, ಆ ಹೊತ್ತಿನಲ್ಲಿ ಕೊಳ್ಳುವ ಬೆಲೆಗೆ ಹತ್ತಿರದ ಬೆಲೆಯೇ ಸಿಗುತ್ತದೆ. ಗ್ರಿಡ್‌ನಿಂದ ಎಳೆದ ಪ್ರತಿ ಯೂನಿಟ್ ಮೇಲೆ ತಪ್ಪಿಸಿಕೊಳ್ಳಲಾಗದ ಕೆಲವು ಸೆಂಟ್ ಶುಲ್ಕ ಇರುತ್ತದೆ, ಅಷ್ಟೇ. ಈ ಸೌಲಭ್ಯ ಸಿಸ್ಟಮ್ ಚಾಲೂ ಆದ ದಿನದಿಂದ 20 ವರ್ಷ ಇರುತ್ತದೆ.

ಅದರ ನಂತರ ಅರ್ಜಿ ಹಾಕಿದವರು ಹೊಸ ಪದ್ಧತಿಯವರು. ಜನ ಇದನ್ನು ಎನ್‌ಇಎಂ 3 ಅಂತಾರೆ. ಪಿಜಿ&ಇ ಬಿಲ್‌ನಲ್ಲಿ ಸೋಲಾರ್ ಬಿಲ್ಲಿಂಗ್ ಪ್ಲಾನ್ ಅಂತ ಇರುತ್ತದೆ. ಇಲ್ಲಿ ಕೊಳ್ಳುವ ಬೆಲೆಗೂ ಕೊಡುವ ಬೆಲೆಗೂ ಸಂಬಂಧವೇ ಇಲ್ಲ. ಮಧ್ಯಾಹ್ನ ಕೊಟ್ಟ ಯೂನಿಟ್‌ಗೆ ಸಾಮಾನ್ಯವಾಗಿ ಕೆಲವೇ ಸೆಂಟ್ ಸಿಗುತ್ತದೆ.

ಬಿಲ್ ತೆಗೆದು ನೋಡಿ. ಮೊದಲ ಪುಟಗಳಲ್ಲೇ ರೇಟ್ ಶೆಡ್ಯೂಲ್ ಹೆಸರಿನ ಪಕ್ಕ ಇದು ಸಿಗುತ್ತದೆ. ಸೋಲಾರ್ ಇದ್ದ ಮನೆಯನ್ನೇ ಕೊಂಡಿದ್ದರೆ ಊಹೆ ಮಾಡಬೇಡಿ, ಪಿಜಿ&ಇಗೆ ಫೋನ್ ಮಾಡಿ ಕೇಳಿ.

ಎನ್‌ಇಎಂ 2ರವರಿಗೆ ಒಂದು ಎಚ್ಚರಿಕೆ. ಪ್ಯಾನೆಲ್ ಜಾಸ್ತಿ ಮಾಡಿಸುವ ಯೋಚನೆ ಇದ್ದರೆ ಮಿತಿ ಇದೆ. ಈಗಿರುವ ಸಾಮರ್ಥ್ಯದ ಶೇಕಡ 10 ಅಥವಾ 1 ಕಿಲೋವಾಟ್, ಎರಡರಲ್ಲಿ ಯಾವುದು ದೊಡ್ಡದೋ ಅಷ್ಟು ಮಾತ್ರ. ಅದನ್ನು ಮೀರಿದರೆ ಹಳೆಯ ಒಪ್ಪಂದ ಕೈಬಿಟ್ಟುಹೋಗುತ್ತದೆ. ಬ್ಯಾಟರಿ ಸೇರಿಸಿದರೆ ಹಾಗಾಗುವುದಿಲ್ಲ. ಕಾರು ಬಂತು, ನಾಲ್ಕು ಪ್ಯಾನೆಲ್ ಜಾಸ್ತಿ ಹಾಕಿಸೋಣ ಅಂತ ಹೊರಡುವವರು ಈ ಸಾಲನ್ನು ಇನ್ನೊಮ್ಮೆ ಓದಿ.

ಹಂತ 2: ಪ್ಲಾನ್‌ಗಳ ಗಡಿಯಾರ ತಿಳಿದುಕೊಳ್ಳಿ

ಕ್ಯಾಲಿಫೋರ್ನಿಯಾದಲ್ಲಿ ದುಬಾರಿ ಹೊತ್ತು ಸಂಜೆ. ಮಧ್ಯಾಹ್ನ ರಾಜ್ಯದ ತುಂಬ ಸೋಲಾರ್ ಕರೆಂಟ್ ಸುರಿಯುತ್ತದೆ. ಸಂಜೆ ಸೂರ್ಯ ಇಳಿಯುವ ಹೊತ್ತಿಗೇ ಜನ ಮನೆಗೆ ಬಂದು ಎಸಿ, ಒಲೆ, ಟಿವಿ ಎಲ್ಲ ಹಾಕುತ್ತಾರೆ. ಆ ಕೊರತೆಯನ್ನು ತುಂಬುವ ಖರ್ಚು ದೊಡ್ಡದು. ಬೆಲೆ ಈ ಹೊತ್ತಿನಲ್ಲಿ ಏರುವುದು ಅದಕ್ಕೇ.

ಪಿಜಿ&ಇಯಲ್ಲಿ ಸೋಲಾರ್ ಮನೆಯವರು ಹೆಚ್ಚಾಗಿ ನೋಡುವ ಪ್ಲಾನ್‌ಗಳು ನಾಲ್ಕು.

ಇ-ಟಿಒಯು-ಸಿ: ಪ್ರತಿದಿನ ಸಂಜೆ 4ರಿಂದ 9 ಪೀಕ್, ಅಂದರೆ ದುಬಾರಿ ಹೊತ್ತು. ಶನಿವಾರ, ಭಾನುವಾರವೂ ಅಷ್ಟೇ. ಉಳಿದದ್ದೆಲ್ಲ ಆಫ್-ಪೀಕ್, ಅಂದರೆ ಅಗ್ಗದ ಹೊತ್ತು. ಎರಡರ ನಡುವಿನ ಅಂತರ ದೊಡ್ಡದಲ್ಲ. ಕಡಿಮೆ ಬಳಸುವವರಿಗೆ ಬೇಸ್‌ಲೈನ್ ರಿಯಾಯಿತಿ ಇದೆ.

ಇ-ಟಿಒಯು-ಡಿ: ಸೋಮವಾರದಿಂದ ಶುಕ್ರವಾರ ಸಂಜೆ 5ರಿಂದ 8 ಮಾತ್ರ ಪೀಕ್. ವಾರಾಂತ್ಯಕ್ಕೂ ಸರ್ಕಾರಿ ರಜೆಗಳಿಗೂ ಪೀಕ್ ಇಲ್ಲ. ಬೇಸ್‌ಲೈನ್ ರಿಯಾಯಿತಿಯೂ ಇಲ್ಲ.

ಇವಿ2-ಎ: ಪ್ರತಿದಿನ 4ರಿಂದ 9 ಪೀಕ್. ಮಧ್ಯಾಹ್ನ 3ರಿಂದ 4 ಮತ್ತು ರಾತ್ರಿ 9ರಿಂದ 12 ಮಧ್ಯಮ ಬೆಲೆ. ರಾತ್ರಿ 12ರಿಂದ ಮಧ್ಯಾಹ್ನ 3ರವರೆಗೆ ಅಗ್ಗ, ಅದೂ ಚೆನ್ನಾಗಿಯೇ ಅಗ್ಗ.

ಇ-ಎಲೆಕ್: ಗಡಿಯಾರ ಇವಿ2-ಎಯದ್ದೇ. ಆದರೆ ಚಳಿಗಾಲದಲ್ಲಿ ಪೀಕ್‌ಗೂ ಆಫ್-ಪೀಕ್‌ಗೂ ಅಂತರ ಸಣ್ಣದು. ಈ ಎರಡು ಪ್ಲಾನ್ ಬೇಕಾದರೆ ಎಲೆಕ್ಟ್ರಿಕ್ ಕಾರು, ಬ್ಯಾಟರಿ ಅಥವಾ ಹೀಟ್ ಪಂಪ್ (ಕರೆಂಟಿನಿಂದ ಮನೆ ಅಥವಾ ನೀರು ಬಿಸಿ ಮಾಡುವ ಯಂತ್ರ), ಇವುಗಳಲ್ಲಿ ಒಂದಾದರೂ ಮನೆಯಲ್ಲಿರಬೇಕು.

ನಾಲ್ಕಕ್ಕೂ ಬೇಸಿಗೆ ಅಂದರೆ ಜೂನ್ 1ರಿಂದ ಸೆಪ್ಟೆಂಬರ್ 30. ಉಳಿದ ಎಂಟು ತಿಂಗಳು ಚಳಿಗಾಲದ ದರ. ಮೇ ತಿಂಗಳ ಬಿಸಿಲೂ ಅಕ್ಟೋಬರ್ ತಿಂಗಳ ಸೆಕೆಯೂ ಬಿಲ್‌ನ ಕಣ್ಣಿಗೆ ಚಳಿಗಾಲವೇ. ನಿಖರ ದರಗಳನ್ನು ಇಲ್ಲಿ ಬರೆದಿಲ್ಲ. ಅವು ವರ್ಷದಲ್ಲಿ ಹಲವು ಸಲ ಬದಲಾಗುತ್ತವೆ. ಲೆಕ್ಕಕ್ಕೆ ಕೂರುವ ದಿನವೇ ಪಿಜಿ&ಇ ಸೈಟಿನಿಂದ ತೆಗೆದುಕೊಳ್ಳಿ.

ಹಂತ 3: ಒಂದು ವರ್ಷದ ಡೇಟಾ ಇಳಿಸಿ

ಪಿಜಿ&ಇ ಖಾತೆಗೆ ಲಾಗಿನ್ ಆಗಿ, ಬಳಕೆಯ ವಿವರದ ಪುಟದಲ್ಲಿ ಗ್ರೀನ್ ಬಟನ್ ಹುಡುಕಿ. ಅಲ್ಲಿಂದ ಗಂಟೆಗಂಟೆಯ ಲೆಕ್ಕ ಸಿಎಸ್‌ವಿ ಫೈಲಾಗಿ ಬರುತ್ತದೆ. ಪೂರ್ತಿ 12 ತಿಂಗಳು ಬೇಕು. ಬರೀ ಜುಲೈ ನೋಡಿ ತೀರ್ಮಾನ ಮಾಡಿದರೆ ಡಿಸೆಂಬರ್ ಬೇರೆಯೇ ಕಥೆ ಹೇಳುತ್ತದೆ. ಜೂನ್‌ನಲ್ಲಿ ಸ್ಯಾನ್ ಹೊಸೆಯಲ್ಲಿ ಎಂಟೂವರೆಯವರೆಗೆ ಬೆಳಕಿರುತ್ತದೆ, ಪೀಕ್ ಹೊತ್ತಿನಲ್ಲೂ ಪ್ಯಾನೆಲ್ ದುಡಿಯುತ್ತವೆ. ಡಿಸೆಂಬರ್‌ನಲ್ಲಿ ಐದಕ್ಕೆಲ್ಲ ಕತ್ತಲೆ.

ಈ ಫೈಲಿನಲ್ಲಿರುವುದು ಮೀಟರ್ ಕಂಡದ್ದು ಮಾತ್ರ. ಪ್ಯಾನೆಲ್ ಎಷ್ಟು ಉತ್ಪಾದಿಸಿತು ಅನ್ನುವುದು ಇದರಲ್ಲಿ ಇಲ್ಲ. ಅದು ಎನ್‌ಫೇಸ್, ಸೋಲಾರ್‌ಎಡ್ಜ್ ಅಥವಾ ಟೆಸ್ಲಾ ಆ್ಯಪ್‌ನಲ್ಲಿರುತ್ತದೆ. ಪ್ಲಾನ್ ಲೆಕ್ಕಕ್ಕೆ ಬೇಕಾದದ್ದು ಮೀಟರ್ ಲೆಕ್ಕವೇ. ಹಾಗಾಗಿ ಆ್ಯಪ್‌ನ ಅಂಕಿ ಇಲ್ಲಿ ಬೆರೆಸಬೇಡಿ.

ಎಕ್ಸೆಲ್ ಅಥವಾ ಗೂಗಲ್ ಶೀಟ್‌ನಲ್ಲಿ ಫೈಲ್ ತೆರೆದು, ದಿನವನ್ನು ಆರು ತುಂಡು ಮಾಡಿ: ರಾತ್ರಿ 12ರಿಂದ ಮಧ್ಯಾಹ್ನ 3, 3ರಿಂದ 4, 4ರಿಂದ 5, 5ರಿಂದ 8, 8ರಿಂದ 9, 9ರಿಂದ 12. ಹೀಗೆ ಒಂದು ಸಲ ತುಂಡು ಮಾಡಿಟ್ಟರೆ ಮೇಲಿನ ನಾಲ್ಕೂ ಪ್ಲಾನ್‌ಗಳ ಗಡಿಯಾರಕ್ಕೂ ಅದೇ ಹೊಂದುತ್ತದೆ. ಬೇಸಿಗೆ ಮತ್ತು ಚಳಿಗಾಲ ಬೇರೆ. ವಾರದ ದಿನ ಮತ್ತು ವಾರಾಂತ್ಯ ಬೇರೆ. ಒಂದು ಪಿವಟ್ ಟೇಬಲ್ ಹಾಕಿದರೆ ಕೆಲಸ ಮುಗಿಯಿತು. ಎನ್‌ಇಎಂ 2ರವರು ಪ್ರತಿ ತುಂಡಿನಲ್ಲೂ ತಗೊಂಡದ್ದರಲ್ಲಿ ಕೊಟ್ಟದ್ದನ್ನು ಕಳೆದು ಒಂದೇ ಅಂಕಿ ಇಟ್ಟುಕೊಳ್ಳಿ. ಹೊಸ ಪದ್ಧತಿಯವರು ಎರಡನ್ನೂ ಬೇರೆ ಬೇರೆಯೇ ಇಡಿ, ಕಳೆಯಬೇಡಿ.

ಆ ವರ್ಷದಲ್ಲಿ ಏನಾದರೂ ವಿಶೇಷ ಇತ್ತಾ ಅಂತಲೂ ಯೋಚಿಸಿ. ಊರಿನಿಂದ ಅಪ್ಪ ಅಮ್ಮ ಬಂದು ಆರು ತಿಂಗಳು ಇದ್ದರೆ ಹಗಲು ಬಳಕೆ ಪೂರ್ತಿ ಬದಲಾಗಿರುತ್ತದೆ. ಡಿಸೆಂಬರ್‌ನಲ್ಲಿ ನೀವೇ ಊರಿಗೆ ಹೋಗಿದ್ದರೆ ಆ ತಿಂಗಳು ಬಳಕೆಯೇ ಇಲ್ಲ. ಅಂಥ ತಿಂಗಳುಗಳಿಗೆ ಹಿಂದಿನ ವರ್ಷದ ಅಂಕಿ ಹಾಕಿ ನೋಡುವುದು ಒಳ್ಳೆಯದು.

ಹಂತ 4: ಗುಣಿಸಿ ನೋಡಿ (ಎನ್‌ಇಎಂ 2ರವರಿಗೆ)

ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ. ನಿರ್ಧಾರ ಆಗುವುದು ಇಲ್ಲೇ.

ಲೆಕ್ಕ ತೋರಿಸಲು ಮಾತ್ರ ಎರಡು ಕಲ್ಪಿತ ದರಪಟ್ಟಿ ಇಟ್ಟುಕೊಳ್ಳುತ್ತೇನೆ. ಮೊದಲನೆಯದು ಇ-ಟಿಒಯು-ಸಿ ಥರದ್ದು: ಪೀಕ್ 60 ಸೆಂಟ್, ಉಳಿದದ್ದೆಲ್ಲ 50 ಸೆಂಟ್. ಎರಡನೆಯದು ಇವಿ2-ಎ ಥರದ್ದು: ಪೀಕ್ 60, ಮಧ್ಯಮ 50, ಅಗ್ಗದ ಹೊತ್ತು 30 ಸೆಂಟ್. ಬೇಸ್‌ಲೈನ್ ರಿಯಾಯಿತಿ, ಸಣ್ಣಪುಟ್ಟ ಶುಲ್ಕ ಬಿಟ್ಟಿದ್ದೇನೆ.

ಬೇಸಿಗೆಯ ಒಂದು ತಿಂಗಳು. ಕಾರು ಮಧ್ಯರಾತ್ರಿಯ ಮೇಲೆ 250 ಯೂನಿಟ್ ತಿನ್ನುತ್ತದೆ. ಪೀಕ್ ಹೊತ್ತಿನಲ್ಲಿ 100 ಯೂನಿಟ್, ಮಧ್ಯಮ ಹೊತ್ತಿನಲ್ಲಿ 60 ಯೂನಿಟ್ ಬೇಕಾಗುತ್ತದೆ.

ಮೊದಲು ಸೋಲಾರ್ ಇಲ್ಲದ ಮನೆ ಅಂದುಕೊಳ್ಳಿ. ಮೊದಲ ಪ್ಲಾನಿನಲ್ಲಿ ಕಾರಿನ 250 ಮತ್ತು ಆ 60, ಒಟ್ಟು 310 ಯೂನಿಟ್‌ಗೆ 155 ಡಾಲರ್. ಪೀಕ್‌ಗೆ 60 ಡಾಲರ್. ಒಟ್ಟು 215. ಎರಡನೆಯ ಪ್ಲಾನಿನಲ್ಲಿ ಕಾರಿಗೆ 75, ಮಧ್ಯಮಕ್ಕೆ 30, ಪೀಕ್‌ಗೆ 60. ಒಟ್ಟು 165. ಕಾರಿನ ಪ್ಲಾನ್ 50 ಡಾಲರ್ ಅಗ್ಗ. "ಇವಿ ಇದ್ದರೆ ಇವಿ ಪ್ಲಾನ್" ಅನ್ನುವ ಮಾತು ಹುಟ್ಟಿದ್ದು ಇಂಥ ಲೆಕ್ಕದಿಂದ.

ಈಗ ಅದೇ ಮನೆಗೆ ಸೋಲಾರ್ ಸೇರಿಸಿ. ಮಧ್ಯಾಹ್ನ 3ರೊಳಗೆ 300 ಯೂನಿಟ್ ಗ್ರಿಡ್‌ಗೆ ಹೋಗುತ್ತದೆ. ಪೀಕ್ ಮತ್ತು ಮಧ್ಯಮ ಹೊತ್ತಿನಲ್ಲಿ ಪ್ಯಾನೆಲ್ ಕೊಟ್ಟದ್ದನ್ನು ಕಳೆದ ಮೇಲೂ ಅದೇ 100 ಮತ್ತು 60 ಉಳಿಯುತ್ತದೆ ಅಂದುಕೊಳ್ಳೋಣ. ಮೊದಲ ಪ್ಲಾನಿನಲ್ಲಿ 310ರಲ್ಲಿ 300 ಕಳೆದರೆ 10 ಯೂನಿಟ್, 5 ಡಾಲರ್. ಪೀಕ್‌ಗೆ 60. ಒಟ್ಟು 65. ಎರಡನೆಯ ಪ್ಲಾನಿನಲ್ಲಿ ಕಾರಿನ 250ರಲ್ಲಿ 300 ಕಳೆದರೆ 50 ಯೂನಿಟ್ ನಿಮಗೇ ಉಳಿಯಿತು, ಆದರೆ ಅದರ ಬೆಲೆ ಬರೀ 15 ಡಾಲರ್. ಮಧ್ಯಮಕ್ಕೆ 30, ಪೀಕ್‌ಗೆ 60. ಒಟ್ಟು 75. ಕಾರಿನ ಪ್ಲಾನ್ ಈಗ 10 ಡಾಲರ್ ದುಬಾರಿ!

ಏನಾಯಿತು ನೋಡಿ. ಪ್ಯಾನೆಲ್ ದುಡಿಯುವುದೇ ಅಗ್ಗದ ಹೊತ್ತಿನಲ್ಲಿ. 300 ಯೂನಿಟ್‌ಗೆ ತಲಾ 50 ಸೆಂಟ್ ಸಿಗುವ ಬದಲು 30 ಸೆಂಟ್ ಸಿಕ್ಕಿತು. ಕಾರಿನಲ್ಲಿ ಉಳಿಸಿದ್ದು ಚಾವಣಿಯಲ್ಲಿ ಹೋಯಿತು.

ಇಷ್ಟಕ್ಕೇ ನಿಲ್ಲಬೇಡಿ, ಒಂದು ಬ್ಯಾಟರಿ ಇಡಿ. ತಿಂಗಳಿಗೆ 130 ಯೂನಿಟ್ ಸೋಲಾರ್ ಕರೆಂಟ್ ಅದಕ್ಕೆ ತುಂಬಿ ಸಂಜೆ ತೆಗೆಯುತ್ತೀರಿ. ದಿನಕ್ಕೆ ನಾಲ್ಕೂವರೆ ಯೂನಿಟ್ ಹತ್ತಿರ, 13.5 ಯೂನಿಟ್ ಹಿಡಿಯುವ ಪವರ್‌ವಾಲ್‌ಗೆ ಇದು ದೊಡ್ಡ ಕೆಲಸವಲ್ಲ. ಒಳಗೆ ಹೋಗಿ ಹೊರಗೆ ಬರುವಾಗ ಶೇಕಡ 10ರಷ್ಟು ಸೋರಿಹೋಗುತ್ತದೆ ಅಂತಿಟ್ಟುಕೊಂಡರೆ 117 ಸಿಗುತ್ತದೆ. ಪೀಕ್‌ನ 100 ಪೂರ್ತಿ ಮುಚ್ಚಿ, 17 ಯೂನಿಟ್ ಪೀಕ್ ಬೆಲೆಗೇ ಗ್ರಿಡ್‌ಗೆ ಹೋಗುತ್ತದೆ. ಮಧ್ಯಾಹ್ನ ಕೊಡುವುದು 170ಕ್ಕೆ ಇಳಿಯುತ್ತದೆ.

ಮೊದಲ ಪ್ಲಾನ್: 140 ಯೂನಿಟ್‌ಗೆ 70 ಡಾಲರ್, ಪೀಕ್‌ನಿಂದ 10 ಡಾಲರ್ ವಾಪಸ್. ಸುಮಾರು 60. ಎರಡನೆಯ ಪ್ಲಾನ್: 80 ಯೂನಿಟ್‌ಗೆ 24, ಮಧ್ಯಮಕ್ಕೆ 30, ಪೀಕ್‌ನಿಂದ 10 ವಾಪಸ್. ಸುಮಾರು 44. ಈಗ ಕಾರಿನ ಪ್ಲಾನ್ ಮತ್ತೆ ಗೆದ್ದಿತು.

ಒಂದೇ ಮನೆ, ಒಂದೇ ಕಾರು. ಸೋಲಾರ್ ಬಂದಾಗ ಉತ್ತರ ಬದಲಾಯಿತು, ಬ್ಯಾಟರಿ ಬಂದಾಗ ಮತ್ತೆ ಬದಲಾಯಿತು. ಇದರಿಂದ ಕೆಲವು ಅಂದಾಜು ಹೇಳಬಹುದು. ಪೀಕ್‌ಗೂ ಆಫ್-ಪೀಕ್‌ಗೂ ಅಂತರ ಕಡಿಮೆ ಇರುವ ಪ್ಲಾನ್, ಬ್ಯಾಟರಿ ಇಲ್ಲದ, ಮಧ್ಯಾಹ್ನ ತುಂಬ ಕೊಟ್ಟು ಸಂಜೆ ಕೊಳ್ಳುವ ಮನೆಗೆ ಒಳ್ಳೆಯದು. ಅಂತರ ಜಾಸ್ತಿ ಇರುವ ಪ್ಲಾನ್, ಬ್ಯಾಟರಿ ಇರುವವರಿಗೆ. ಸೋಲಾರ್ ಸಣ್ಣದಿದ್ದು ಕಾರು ಎರಡಿದ್ದರೆ, ಅಗ್ಗದ ಹೊತ್ತಿನಲ್ಲಿ ಕೊಡುವುದಕ್ಕಿಂತ ಕೊಳ್ಳುವುದೇ ಹೆಚ್ಚು. ಆಗ ಬ್ಯಾಟರಿ ಇಲ್ಲದೆಯೂ ಇವಿ2-ಎ ಗೆಲ್ಲುತ್ತದೆ.

ಇ-ಟಿಒಯು-ಡಿಯನ್ನು ಜನ ನೋಡುವುದೇ ಕಡಿಮೆ, ಆದರೆ ನೋಡಬೇಕು. ವಾರಾಂತ್ಯದಲ್ಲಿ ಸಂಜೆ ಮನೆ ತುಂಬ ನೆಂಟರು, ಎಸಿ, ಅಡುಗೆ, ವಾಷಿಂಗ್ ಮೆಷಿನ್ ಎಲ್ಲ ನಡೆಯುವ ಮನೆಗೆ ಪೀಕ್ ಇಲ್ಲದ ಶನಿವಾರ, ಭಾನುವಾರ ದೊಡ್ಡ ಅನುಕೂಲ. ಪಶ್ಚಿಮಕ್ಕೆ ಮುಖ ಮಾಡಿದ ಪ್ಯಾನೆಲ್ ಇರುವವರು 4ರಿಂದ 5ರ ತುಂಡನ್ನು ಗಮನಿಸಿ. ಇ-ಟಿಒಯು-ಸಿಯಲ್ಲಿ ಆ ಗಂಟೆಯ ಉತ್ಪಾದನೆಗೆ ಪೀಕ್ ಬೆಲೆ ಸಿಗುತ್ತದೆ, ಡಿಯಲ್ಲಿ ಸಿಗುವುದಿಲ್ಲ.

ಪಿಜಿ&ಇ ಸೈಟಿನಲ್ಲೇ ಪ್ಲಾನ್ ಹೋಲಿಕೆಯ ಸಾಧನವೂ ಇದೆ. ಅದನ್ನೂ ನೋಡಿ. ಆದರೆ ಅದು ಹಿಂದಿನ ವರ್ಷದ ಬಳಕೆಯ ಮೇಲೆ ಹೇಳುತ್ತದೆ. ಮುಂದಿನ ತಿಂಗಳು ಕಾರು ಬರುವುದು ಅದಕ್ಕೆ ಗೊತ್ತಿಲ್ಲ ಅಲ್ವಾ? ನಿಮ್ಮ ಶೀಟಿನಲ್ಲಾದರೆ ರಾತ್ರಿಯ ತುಂಡಿಗೆ 250 ಸೇರಿಸಿದರೆ ಆಯಿತು.

ಹಂತ 5: ಹೊಸ ಪದ್ಧತಿಯವರ ದಾರಿ

2023ರ ಏಪ್ರಿಲ್ 14ರ ನಂತರ ಅರ್ಜಿ ಹಾಕಿದವರಿಗೆ ಪ್ಲಾನ್ ಆಯ್ಕೆ ಕಡಿಮೆ. ಹೆಚ್ಚಿನವರು ಇ-ಎಲೆಕ್‌ನಲ್ಲಿ ಇರುತ್ತಾರೆ. ನಿಮಗೆ ಇನ್ನಾವ ಪ್ಲಾನ್ ತೆರೆದಿದೆ ಅನ್ನುವುದನ್ನು ಖಾತೆಯಲ್ಲಿ ನೋಡಿ. ನಿಮ್ಮ ಹಣ ಉಳಿಯುವುದು ಪ್ಲಾನ್ ಹೆಸರಿನಿಂದ ಅಲ್ಲ, ಮಧ್ಯಾಹ್ನದ ಕರೆಂಟನ್ನು ಮನೆಯಲ್ಲೇ ಖರ್ಚು ಮಾಡುವುದರಿಂದ.

ಮಧ್ಯಾಹ್ನದ ಒಂದು ಯೂನಿಟ್ ಗ್ರಿಡ್‌ಗೆ ಹೋದರೆ ಕೆಲವು ಸೆಂಟ್. ಅದೇ ಯೂನಿಟ್ ಮನೆಯಲ್ಲಿ ಬಳಕೆಯಾದರೆ ಕೊಳ್ಳುವ ಪೂರ್ತಿ ಬೆಲೆ ಉಳಿಯಿತು. ಆದ್ದರಿಂದ ಎನ್‌ಇಎಂ 2ರವರಿಗೆ ಹೇಳುವ "ಕಾರು ಮಧ್ಯರಾತ್ರಿ ಚಾರ್ಜ್ ಮಾಡಿ" ಅನ್ನುವ ಮಾತು ನಿಮಗೆ ತಿರುಗುಮುರುಗು. ಮನೆಯಿಂದ ಕೆಲಸ ಮಾಡುವ ದಿನ, ಶನಿವಾರ, ಭಾನುವಾರ ಬೆಳಗ್ಗೆ 10ರಿಂದ ಮಧ್ಯಾಹ್ನ 3ರೊಳಗೆ ಚಾರ್ಜ್ ಮಾಡಿ. ಚಾರ್ಜಿಂಗ್ ವೇಗವನ್ನು ಪ್ಯಾನೆಲ್ ಕೊಡುವಷ್ಟಕ್ಕೇ ಇಳಿಸಿ. ಇಲ್ಲದಿದ್ದರೆ ಉಳಿದದ್ದು ಗ್ರಿಡ್‌ನಿಂದ ಬರುತ್ತದೆ. ಹೀಟ್ ಪಂಪ್ ವಾಟರ್ ಹೀಟರ್ ಇದ್ದರೆ ಅದರ ಟೈಮರ್ ಮಧ್ಯಾಹ್ನಕ್ಕೆ. ಡಿಶ್‌ವಾಷರ್, ಡ್ರೈಯರ್, ದೋಸೆ ಹಿಟ್ಟು ರುಬ್ಬುವ ಗ್ರೈಂಡರ್ ಎಲ್ಲ ಅದೇ ಹೊತ್ತಿಗೆ. ಇವುಗಳಲ್ಲಿ ಗ್ರೈಂಡರ್‌ನಿಂದ ಉಳಿಯುವುದು ಚಿಲ್ಲರೆ. ಕಾರು, ನೀರು ಕಾಯಿಸುವುದು, ಎಸಿ ಈ ಮೂರರ ಮೇಲೆ ಗಮನ ಇಡಿ.

ಕೊಡುವ ಬೆಲೆ ತಿಂಗಳಿಗೆ, ಗಂಟೆಗೆ, ವಾರದ ದಿನ ಅಥವಾ ವಾರಾಂತ್ಯಕ್ಕೆ ಬೇರೆ ಬೇರೆ. ವರ್ಷಕ್ಕೆ 576 ಬೆಲೆಗಳು. ಈ ಪಟ್ಟಿಯಲ್ಲಿ ಒಂದು ಒಳ್ಳೆಯ ಜಾಗ ಇದೆ. ಸೆಪ್ಟೆಂಬರ್‌ನ ಸಂಜೆಗಳಲ್ಲಿ ಕೆಲವು ಗಂಟೆ ಒಂದು ಯೂನಿಟ್‌ಗೆ ಒಂದು ಡಾಲರ್‌ಗಿಂತ ಜಾಸ್ತಿಯೂ ಸಿಗಬಹುದು. ಬ್ಯಾಟರಿ ಇದ್ದರೆ ಆ ಹೊತ್ತಿಗೆ ಅದು ತುಂಬಿರಬೇಕು, ಗ್ರಿಡ್‌ಗೆ ಕೊಡಲು ಸೆಟ್ಟಿಂಗ್ ತೆರೆದಿರಬೇಕು.

ಹಂತ 6: ಬ್ಯಾಟರಿಯ ಸೆಟ್ಟಿಂಗ್

ಪ್ಲಾನ್ ಬದಲಿಸಿ ಬ್ಯಾಟರಿಯ ಆ್ಯಪ್‌ನಲ್ಲಿ ಹಳೆಯ ದರವನ್ನೇ ಬಿಟ್ಟರೆ ಅದು ಹಳೆಯ ಗಡಿಯಾರಕ್ಕೇ ಕುಣಿಯುತ್ತದೆ. ಹೊಸ ಪೀಕ್ ಹೊತ್ತು, ಕೊಳ್ಳುವ ಬೆಲೆ, ಕೊಡುವ ಬೆಲೆ ಎಲ್ಲ ತುಂಬಿಸಿ. ಟೆಸ್ಲಾ ಆ್ಯಪ್‌ನಲ್ಲಿ ಎನ್‌ಇಎಂ 2ರವರಿಗೆ ಟೈಮ್-ಬೇಸ್ಡ್ ಕಂಟ್ರೋಲ್ (ಹೊತ್ತಿನ ದರ ನೋಡಿ ಬ್ಯಾಟರಿ ಬಳಸುವ ಸೆಟ್ಟಿಂಗ್) ಹೊಂದುತ್ತದೆ. ಹೊಸ ಪದ್ಧತಿಯವರು ಸೆಲ್ಫ್-ಪವರ್ಡ್ (ಸೋಲಾರ್ ಕರೆಂಟನ್ನು ಆದಷ್ಟು ಮನೆಗೇ ಬಳಸುವ ಸೆಟ್ಟಿಂಗ್) ಕೂಡ ಹಾಕಿ ಹೋಲಿಸಿ ನೋಡಿ.

ಬೆಟ್ಟದ ಕಡೆ, ಕಾಡ್ಗಿಚ್ಚಿನ ಭಯಕ್ಕೆ ಪಿಜಿ&ಇ ಕರೆಂಟ್ ತೆಗೆಯುವ ಜಾಗದಲ್ಲಿ ಮನೆ ಇದ್ದರೆ, ಬ್ಯಾಟರಿ ಪೂರ್ತಿ ಖಾಲಿ ಮಾಡುವ ಆಸೆ ಬೇಡ. ಗಾಳಿ ಜೋರಾಗುವ ಸೆಪ್ಟೆಂಬರ್‌ನಿಂದ ನವೆಂಬರ್‌ವರೆಗೆ ಮೀಸಲು ಹೆಚ್ಚಿಸಿಡಿ. ಮನೆಯಲ್ಲಿ ವಯಸ್ಸಾದವರು ಇದ್ದರೆ, ಔಷಧಿ ಫ್ರಿಜ್‌ನಲ್ಲಿದ್ದರೆ ತಿಂಗಳಿಗೆ ಉಳಿಯುವ ಐದು ಹತ್ತು ಡಾಲರ್ ಮುಖ್ಯವಲ್ಲ.

ಹಂತ 7: ಪ್ಲಾನ್ ಬದಲಿಸುವ ಮುನ್ನ ಬಿಲ್‌ನ ಉಳಿದ ಸಾಲುಗಳು

ಬೇ ಏರಿಯಾದ ಹೆಚ್ಚಿನ ಊರುಗಳಲ್ಲಿ ಕರೆಂಟ್ ಕೊಳ್ಳುವುದು ಸ್ಥಳೀಯ ಸಂಸ್ಥೆಯಿಂದ: ಸ್ಯಾನ್ ಹೊಸೆ ಕ್ಲೀನ್ ಎನರ್ಜಿ, ಸಿಲಿಕಾನ್ ವ್ಯಾಲಿ ಕ್ಲೀನ್ ಎನರ್ಜಿ, ಪೆನಿನ್ಸುಲಾ ಕ್ಲೀನ್ ಎನರ್ಜಿ, ಫ್ರೀಮಾಂಟ್ ಕಡೆ ಏವಾ. ತಂತಿ ಮಾತ್ರ ಪಿಜಿ&ಇಯದ್ದು. ಹಾಗಾಗಿ ನಿಮ್ಮ ದರದಲ್ಲಿ ಎರಡು ಭಾಗ. ಪಿಜಿ&ಇ ಪಟ್ಟಿಯ ಒಟ್ಟು ದರ ಹಾಕಿ ಲೆಕ್ಕ ಮಾಡಿದರೆ ಅಂದಾಜು ಸರಿಬರಬಹುದು, ಆದರೆ ವರ್ಷದ ಕೊನೆಯ ಹೆಚ್ಚುವರಿ ಯೂನಿಟ್‌ಗೆ ಎಷ್ಟು ಕೊಡುತ್ತಾರೆ ಅನ್ನುವುದು ಆ ಸಂಸ್ಥೆಯ ನಿಯಮ. ಅದನ್ನು ಅವರ ಸೈಟಿನಲ್ಲೇ ನೋಡಿ.

ತಿಂಗಳ ನಿಗದಿತ ಶುಲ್ಕವೊಂದಿದೆ. ಕರೆಂಟ್ ದರ ಒಪ್ಪುವ ರಾಜ್ಯದ ಆಯೋಗ (ಸಿಪಿಯುಸಿ) 2024ರ ಮೇ ತಿಂಗಳಲ್ಲಿ ಒಪ್ಪಿದ್ದು, ಸಾಮಾನ್ಯ ಗ್ರಾಹಕರಿಗೆ 24.15 ಡಾಲರ್. ಕಡಿಮೆ ಆದಾಯದವರಿಗೆ ಇನ್ನೂ ಕಡಿಮೆ. ಇದರ ಬದಲಿಗೆ ಯೂನಿಟ್ ದರ ಸ್ವಲ್ಪ ಇಳಿಯುತ್ತದೆ. ಸೋಲಾರ್ ಕ್ರೆಡಿಟ್‌ನಿಂದ ಇದನ್ನು ತೀರಿಸಲಾಗುವುದಿಲ್ಲ. ಬಿಲ್ ಸೊನ್ನೆ ಮಾಡಬೇಕು ಅಂತ ಗುರಿ ಇಟ್ಟುಕೊಂಡವರು ಇದನ್ನು ಬಿಟ್ಟು ಲೆಕ್ಕ ಹಾಕಿ.

ಎನ್‌ಇಎಂ 2ರವರಿಗೆ ವರ್ಷಕ್ಕೊಮ್ಮೆ ಟ್ರೂ-ಅಪ್, ಅಂದರೆ ಹನ್ನೆರಡು ತಿಂಗಳ ಲೆಕ್ಕ ಚುಕ್ತಾ ಮಾಡುವ ಬಿಲ್. ಬೇಸಿಗೆಯ ಕ್ರೆಡಿಟ್ ಚಳಿಗಾಲದ ಬಿಲ್ ತೀರಿಸುತ್ತದೆ. ಆದರೆ ಹನ್ನೆರಡು ತಿಂಗಳ ಕೊನೆಯಲ್ಲಿ ಯೂನಿಟ್ ಉಳಿದರೆ ಅದಕ್ಕೆ ಸಿಗುವುದು ತೀರಾ ಕಡಿಮೆ. ಆದ್ದರಿಂದ ಹೋಲಿಸುವಾಗ ಒಂದು ತಿಂಗಳ ಮೊತ್ತ ಬೇಡ, ನಿಮ್ಮ ಟ್ರೂ-ಅಪ್ ವರ್ಷದ ಮೊತ್ತ ಹಾಕಿ. ಎರಡು ಪ್ಲಾನ್‌ಗಳಲ್ಲೂ ವರ್ಷದ ಕ್ರೆಡಿಟ್ ಮಿಗುತ್ತಿದ್ದರೆ ಬದಲಿಸುವ ತಲೆನೋವೇ ಬೇಡ.

ಬದಲಿಸುವುದೇ ಆದರೆ ಆನ್‌ಲೈನ್ ಖಾತೆಯಿಂದ ಅಥವಾ ಫೋನ್ ಮಾಡಿ ಮಾಡಬಹುದು. ಫೋನ್‌ನಲ್ಲಿ ಮೂರು ಪ್ರಶ್ನೆ ಕೇಳಿ ಉತ್ತರ ಬರೆದಿಟ್ಟುಕೊಳ್ಳಿ. ಹೊಸ ಪ್ಲಾನ್ ಯಾವ ದಿನದಿಂದ ಶುರು? ಇಷ್ಟವಾಗದಿದ್ದರೆ ಎಷ್ಟು ದಿನದ ಮೇಲೆ ಹಿಂದಿರುಗಬಹುದು? ಈಗ ಕೂಡಿಟ್ಟ ಕ್ರೆಡಿಟ್ ಹಾಗೇ ಮುಂದುವರಿಯುತ್ತದಾ? ಆಮೇಲೆ ಕಾರಿನ ಟೈಮರ್, ಬ್ಯಾಟರಿ ಆ್ಯಪ್, ಥರ್ಮೋಸ್ಟಾಟ್ ಮೂರನ್ನೂ ಅದೇ ದಿನ ಹೊಸ ಗಡಿಯಾರಕ್ಕೆ ಹೊಂದಿಸಿ.

ಮೊದಲ ಪೂರ್ತಿ ಬಿಲ್ ಬಂದಾಗ ಪ್ರತಿ ಸಮಯದ ಯೂನಿಟ್‌ಗಳನ್ನು ನಿಮ್ಮ ಶೀಟಿನ ಪಕ್ಕ ಇಟ್ಟು ನೋಡಿ. ಪೀಕ್ ಅಂಕಿ ಅಂದಾಜಿಗಿಂತ ಜಾಸ್ತಿ ಬಂದಿದ್ದರೆ, ಕಾರು ಸಂಜೆ ಪ್ಲಗ್ ಹಾಕಿದ ಕೂಡಲೇ ಚಾರ್ಜ್ ಶುರುಮಾಡುತ್ತಿದೆಯಾ ಅಂತ ಮೊದಲು ನೋಡಿ. ಕಾರಿನ ಟೈಮರ್, ಗೋಡೆಯ ಚಾರ್ಜರ್‌ನ ಟೈಮರ್ ಎರಡೂ ಇದ್ದರೆ ಒಂದನ್ನು ಮಾತ್ರ ಇಟ್ಟುಕೊಳ್ಳಿ.